ಚಂಚಲ ಮಕ್ಕಳು ಮತ್ತು ಆಟದ ತಾಸು

(ಸಂಘದ ವಾರ್ಷಿಕೋತ್ಸವದ ಪಾಲಕರ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಪ್ರತಿವರ್ಷವೂ ಈ ವೇದಿಕೆಯಿಂದ ಒಬ್ಬ ಕವಿಯ ವಿಷಯವಾಗಿಯೋ ಒಂದು ಶಾಸನದ ವಿಷಯವಾಗಿಯೋ ನಾಲ್ಕು ಮಾತುಗಳನ್ನು ಆಡುವುದು ನನಗೆ ರೂಢಿಯಾಗಿದೆ. ಈ ಸಲ ಮಾತ್ರ ಆ ರೂಢಿಯನ್ನು ಮುರಿಯಬೇಕಾಯಿತು. ಕಳೆದ ವರ್ಷದ ಸಭೆ ಮುಗಿದ ಮೇಲೆ ಒಬ್ಬ ತಾಯಿಯವರು ನನ್ನನ್ನು ತಡೆದು, "ಕಾವ್ಯದ ಮಾತು ಛಲೋ ಇತ್ರಿ ಗುರುಗಳ. ಆದ್ರ ನಮ್ಮ ಹುಡುಗ ಕುಂತಲ್ಲಿ ಕೂಡಂಗಿಲ್ಲ, ನಿಂತಲ್ಲಿ ನಿಂದ್ರಂಗಿಲ್ಲ. ಅದಕ್ಕೇನರ ಹೇಳ್ರಿ" ಎಂದರು. ಅವರ ಮಾತಿನಲ್ಲಿ ನಗೆಯಿತ್ತು. ನಗೆಯ ಹಿಂದೆ ಬಹುಕಾಲದ ದಣಿವೂ ಇತ್ತು. ಆ ತಾಯಿಗೆ ಅಂದು ಕೊಡಲಾಗದ ಉತ್ತರವನ್ನು ಇಂದು ನನ್ನ ಅಲ್ಪಮತಿಗೆ ತಿಳಿದಮಟ್ಟಿಗೆ ತಮ್ಮ ಮುಂದಿಡಲು ನಿಂತಿದ್ದೇನೆ.

ನಾನು ವೈದ್ಯನಲ್ಲ; ಕನ್ನಡವನ್ನು ಕಲಿಸುವ ಅಧ್ಯಾಪಕ. ಈ ವಿಷಯದಲ್ಲಿ ನನಗೆ ತಿಳಿದಿರುವುದು ವೈದ್ಯರಿಂದ ಕೇಳಿದ್ದು, ಗ್ರಂಥಗಳಿಂದ ಓದಿದ್ದು, ಎಲ್ಲಕ್ಕೂ ಮಿಗಿಲಾಗಿ ನಾನೇ ಮಾಡಿದ ಒಂದು ತಪ್ಪಿನಿಂದ ಕಲಿತದ್ದು. ಆದಕಾರಣ ಆ ತಪ್ಪನ್ನೇ ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ.

ನಾನು ಅಧ್ಯಾಪಕ ವೃತ್ತಿಗೆ ಸೇರಿದ ಹೊಸದರಲ್ಲಿ ಎಂಟನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದನು. ತಂದೆ ಇಚಲಕರಂಜಿಯ ವಿದ್ಯುತ್ ಮಗ್ಗದಲ್ಲಿ ನೇಕಾರ. ಹುಡುಗನು ಪ್ರಶ್ನೆ ಮುಗಿಯುವ ಮುನ್ನವೇ ಉತ್ತರ ಹೇಳುವನು. ವಾರಕ್ಕೆ ಎರಡು ಸಲ ವಹಿಯನ್ನು ಕಳೆಯುವನು. ನಾನು ಪದ್ಯವನ್ನು ಓದುತ್ತಿದ್ದರೆ ಬೆರಳುಗಳಿಂದ ಬಾಕನ್ನು ಮಗ್ಗದ ಲಯದಲ್ಲಿ ಬಡಿಯುವನು. ಇದು ಉದ್ಧಟತನವೆಂದೇ ನಾನು ಬಗೆದೆನು. 'ದಂಡಂ ದಶಗುಣಂ' ಎಂಬುದನ್ನು ಕೇಳಿ ಬೆಳೆದವನಾದರೂ ನಾನು ಕೋಲನ್ನು ಹಿಡಿಯಲಿಲ್ಲ. ಅದಕ್ಕಾಗಿ ನನ್ನನ್ನು ನಾನೇ ದಯಾಳುವೆಂದು ತಿಳಿದುಕೊಂಡಿದ್ದೆನು. ನಾನು ಕೊಡುತ್ತಿದ್ದ ಶಿಕ್ಷೆ ಒಂದೇ. ಆಟದ ತಾಸಿನಲ್ಲಿ ಉಳಿದ ಮಕ್ಕಳೆಲ್ಲ ಬಯಲಿಗೆ ಓಡುವಾಗ ಅವನನ್ನು ಕೋಣೆಯಲ್ಲಿ ಕೂಡಿಸಿ ಪಾಠವನ್ನು ಹತ್ತು ಸಲ ಬರೆಯಿಸುವುದು. ಆ ದಿನ ಕೊನೆಯ ತಾಸಿನ ಹೊತ್ತಿಗೆ ಅವನ ಚಡಪಡಿಕೆ ಇಮ್ಮಡಿಸುತ್ತಿತ್ತು. ಅದನ್ನು ಕಂಡು ಶಿಕ್ಷೆ ಸಾಲದಾಯಿತೆಂದು ಮರುವಾರಕ್ಕೂ ಮುಂದುವರಿಸುತ್ತಿದ್ದೆನು. ದೀಪಾವಳಿಯ ರಜೆ ಮುಗಿದ ಮೇಲೆ ಹುಡುಗನು ಶಾಲೆಗೆ ಬರಲಿಲ್ಲ. ಕಾಂಡಿ ತುಂಬುವ ಕೆಲಸಕ್ಕೆ ಸೇರಿದನೆಂದು ಕೇಳಿದೆನು. ತರಗತಿ ಶಾಂತವಾಯಿತು, ನನಗೂ ಸಮಾಧಾನವಾಯಿತು. ಇದನ್ನು ಹೇಳಲು ಇಂದು ನಾಚಿಕೆಯಾಗುತ್ತದೆ.

ಅನೇಕ ವರ್ಷಗಳ ತರುವಾಯ ಅಧ್ಯಾಪಕರ ತರಬೇತಿಯೊಂದರಲ್ಲಿ ವೈದ್ಯರೊಬ್ಬರು ಇಂತಹ ಮಕ್ಕಳ ಲಕ್ಷಣಗಳನ್ನು ವಿವರಿಸಿದರು. ಅವರು ಒಂದೊಂದನ್ನು ಹೇಳಿದಂತೆಯೂ ಆ ಹುಡುಗನ ಮುಖವೇ ನನ್ನ ಕಣ್ಣಿಗೆ ಕಟ್ಟಿತು. ಇಂತಹ ಮಕ್ಕಳಿಗೆ ಓಡಾಟವೂ ಆಟವೂ ಚಿಕಿತ್ಸೆಯ ಒಂದು ಭಾಗವೆಂದು ಅವರು ಹೇಳಿದಾಗ, ಆರು ತಿಂಗಳು ನಾನು ಆ ಬಾಲಕನಿಂದ ಏನನ್ನು ಕಸಿದುಕೊಂಡಿದ್ದೆನೆಂಬುದು ಅರಿವಾಯಿತು.

ಈ ಸ್ಥಿತಿಗೆ ವೈದ್ಯರು ಎಡಿಎಚ್‌ಡಿ ಎಂದು ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ 'ಅವಧಾನದ ಕೊರತೆ ಮತ್ತು ಅತಿ ಚಟುವಟಿಕೆ' ಎನ್ನಬಹುದು. ಅವಧಾನವೆಂಬ ಮಾತು ನಮಗೆ ಹೊಸದಲ್ಲ. ಏಕಕಾಲಕ್ಕೆ ಎಂಟು ಜನರ ಪ್ರಶ್ನೆಗಳಿಗೆ ಮನಸ್ಸು ಕೊಡುವ ಅಷ್ಟಾವಧಾನಿಗಳನ್ನು ನಾವು ಗೌರವಿಸುತ್ತೇವೆ. ಮದುವೆಯ ಮಂಟಪದಲ್ಲಿ ಪುರೋಹಿತರು ವಧೂವರರಿಗೆ 'ಸಾವಧಾನ' ಎಂದು ಕೂಗಿ ಹೇಳುವುದನ್ನು ಈ ಭಾಗದಲ್ಲಿ ಎಲ್ಲರೂ ಕೇಳಿದ್ದೇವೆ. ಮನಸ್ಸನ್ನು ಒಂದೆಡೆ ನಿಲ್ಲಿಸುವುದು ಎಲ್ಲರಿಗೂ ಕಷ್ಟವೇ. ಕೆಲವು ಮಕ್ಕಳಿಗೆ ಅದು ಹುಟ್ಟಿನಿಂದಲೇ ಹೆಚ್ಚು ಕಷ್ಟ.

ಇದು ಇಂದಿನ ಕಾಲದ ಹೊಸ ಬೇನೆಯೆಂದು ಹಲವರು ಹೇಳುವರು. ಅದು ನಿಜವಲ್ಲ. ೧೮೪೦ರ ದಶಕದಲ್ಲಿಯೇ ಹೈನ್ರಿಕ್ ಹಾಫ್‌ಮನ್ ಎಂಬ ಜರ್ಮನಿಯ ವೈದ್ಯನು ಊಟದ ಮೇಜಿನ ಮುಂದೆ ಸುಮ್ಮನೆ ಕೂಡಲಾರದ ಬಾಲಕನೊಬ್ಬನನ್ನು ಮಕ್ಕಳ ಪುಸ್ತಕದಲ್ಲಿ ಚಿತ್ರಿಸಿದ್ದನು. ೧೯೦೨ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂತಹ ಮಕ್ಕಳ ವಿಷಯವಾಗಿ ಉಪನ್ಯಾಸಗಳನ್ನು ಮಾಡಿದನು. ಇಂದಿನ ಹೆಸರು ಬಳಕೆಗೆ ಬಂದದ್ದು ೧೯೮೭ರಲ್ಲಿ. ಹೆಸರು ಬರುವ ಮುಂಚೆಯೂ ಈ ಮಕ್ಕಳು ಇದ್ದರು. ನಮ್ಮ ಊರುಗಳಲ್ಲಿ ಅವರನ್ನು 'ಉಡಾಳ' ಎನ್ನುತ್ತಿದ್ದರು, ಅಷ್ಟೆ.

ಪ್ರಪಂಚದ ನಾನಾ ದೇಶಗಳ ಲೆಕ್ಕವನ್ನು ಕೂಡಿಸಿದರೆ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಈ ತೊಡಕು ಇರುತ್ತದೆ. ಅಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಇದ್ದಾರು. ಗಂಡುಮಕ್ಕಳಲ್ಲಿ ಇದು ಓಡಾಟವಾಗಿ ಬೇಗ ಕಣ್ಣಿಗೆ ಬೀಳುತ್ತದೆ. ಹೆಣ್ಣುಮಕ್ಕಳಲ್ಲಿ ಅನೇಕ ವೇಳೆ ಗದ್ದಲವಿರುವುದಿಲ್ಲ. ಕಿಟಕಿಯ ಕಡೆಗೆ ನೋಡುತ್ತ, ಹೇಳಿದ್ದನ್ನು ಮರೆಯುತ್ತ, ಅರ್ಧ ಬರೆದು ಬಿಡುತ್ತ ಮೂಲೆಯಲ್ಲಿ ಕುಳಿತಿರುವರು. 'ಪಾಪ, ದಡ್ಡಿ' ಎಂದು ನಾವು ಅವರನ್ನು ಮರೆತುಬಿಡುತ್ತೇವೆ. ಇವರ ವಿಷಯದಲ್ಲಿ ತಾಯಂದಿರು ವಿಶೇಷವಾಗಿ ಲಕ್ಷ್ಯ ಕೊಡಬೇಕು.

ಇದರ ಕಾರಣವು ಮಗುವಿನ ಸೋಮಾರಿತನವಲ್ಲ, ತಾಯಿಯ ಮುದ್ದೂ ಅಲ್ಲ, ಕೆಟ್ಟ ದೃಷ್ಟಿಯೂ ಅಲ್ಲ. ಇದು ಬಹುಮಟ್ಟಿಗೆ ವಂಶದಿಂದ ಬರುವಂಥದು. ಮಗನನ್ನು ಬಯ್ಯುವ ಎಷ್ಟೋ ತಂದೆಯರು ತಮ್ಮ ಬಾಲ್ಯವನ್ನು ನೆನೆದುಕೊಂಡರೆ ಮೌನವಾಗುವರು. ಅಮೆರಿಕದಲ್ಲಿ ಮಕ್ಕಳ ಮೆದುಳಿನ ಚಿತ್ರಗಳನ್ನು ತೆಗೆದು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಈ ಮಕ್ಕಳ ಮೆದುಳಿನ ಹೊರಪದರವು ಬೆಳೆಯುವ ಕ್ರಮ ಉಳಿದವರಂತೆಯೇ ಇದ್ದು, ಸರಾಸರಿ ಸುಮಾರು ಮೂರು ವರ್ಷ ತಡವಾಗಿರುವುದು ಕಂಡುಬಂದಿತು. ಹತ್ತು ವರ್ಷದ ಇಂತಹ ಹುಡುಗನಿಂದ ಹತ್ತು ವರ್ಷದವನ ತಾಳ್ಮೆಯನ್ನು ಬೇಡಿ, ಅದು ದೊರೆಯದಾಗ ಹೊಡೆಯುವುದು ನ್ಯಾಯವೇ? 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆಯನ್ನು ನಾವು ಬೆತ್ತಕ್ಕೆ ಬೆಂಬಲವಾಗಿ ಬಳಸಿದ್ದೇವೆ. ಗಿಡವನ್ನು ಬಗ್ಗಿಸಲು ಹೋಗಿ ಮುರಿದವರೂ ನಮ್ಮಲ್ಲಿ ಇದ್ದಾರೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯ್ದೆಯು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದನ್ನೂ ಇಲ್ಲಿಯೇ ನೆನಪಿಸುತ್ತೇನೆ.

ಆದರೆ ಚಂಚಲವಾದ ಮಕ್ಕಳೆಲ್ಲರಿಗೂ ಈ ತೊಡಕು ಇದೆಯೆಂದು ತಿಳಿಯಬಾರದು. ಲಕ್ಷಣಗಳು ಹನ್ನೆರಡು ವರ್ಷದೊಳಗೆ ತೋರಿರಬೇಕು. ಕನಿಷ್ಠ ಆರು ತಿಂಗಳು ಇರಬೇಕು. ಮನೆ ಶಾಲೆ ಮುಂತಾದ ಎರಡು ಕಡೆಗಳಲ್ಲಾದರೂ ಕಾಣಬೇಕು. ಮಗುವಿನ ಕಲಿಕೆಗೆ, ಬಾಳಿಗೆ ಅಡ್ಡಿಯಾಗಿರಬೇಕು. ಈ 'ಎರಡು ಕಡೆ' ಎಂಬ ನಿಯಮವು ಗಡಿಭಾಗದ ನಮಗೆ ಬಹಳ ಮುಖ್ಯವಾದುದು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಪುಸ್ತಕದಲ್ಲಿ ಹಿಂದಿ ಇಂಗ್ಲಿಷುಗಳನ್ನು ಕಾಣುವವರು. ಅಜ್ಜಿಯ ಕನ್ನಡ ಕಥೆಯನ್ನು ಕಣ್ಣು ಮಿಟುಕಿಸದೆ ಅರ್ಧ ತಾಸು ಕೇಳುವ ಮಗು ಬೇರೆ ಭಾಷೆಯ ಪಾಠದಲ್ಲಿ ಮಾತ್ರ ಕಿಟಕಿಯತ್ತ ನೋಡುತ್ತಿದ್ದರೆ, ಅದರ ತೊಡಕು ಭಾಷೆಯದಿರಬಹುದು, ಅವಧಾನದ್ದಲ್ಲ. ಅದಕ್ಕೆ ಬೇಕಾದದ್ದು ಭಾಷೆಯ ಸಹಾಯ. ಇದಕ್ಕೆ ಪ್ರತಿಯಾಗಿ, ಕಥೆಯಲ್ಲಿಯೂ ಊಟದಲ್ಲಿಯೂ ಆಟದ ಸರದಿಯಲ್ಲಿಯೂ ನಿಲ್ಲಲಾರದ ಮಗುವನ್ನು 'ಕನ್ನಡ ಮಾಧ್ಯಮದಿಂದ ಹೀಗಾಯಿತು' ಎಂದು ಶಾಲೆಯಿಂದ ಶಾಲೆಗೆ ಬದಲಿಸುವ ಪಾಲಕರನ್ನೂ ಕಂಡಿದ್ದೇನೆ. ಮಾಧ್ಯಮ ಬದಲಾಯಿತು, ಮಗುವಿನ ತೊಡಕು ಹಾಗೆಯೇ ಉಳಿಯಿತು, ಜೊತೆಗೆ ಹೊಸ ಭಾಷೆಯ ಭಾರವೂ ಸೇರಿತು. ಭಾಷಾಭಿಮಾನವನ್ನಾಗಲಿ ಭಾಷೆಯ ಭಯವನ್ನಾಗಲಿ ಬದಿಗಿಟ್ಟು ಮಗುವನ್ನು ನೋಡಬೇಕು. ಅಂತೆಯೇ ಕಿವಿ, ಕಣ್ಣು, ರಕ್ತಹೀನತೆ, ನಿದ್ರೆಯ ಕೊರತೆ, ಕ್ಷಣಕಾಲ ಎವೆಯಿಕ್ಕದೆ ನಿಲ್ಲಿಸುವ ಒಂದು ಬಗೆಯ ಮೂರ್ಛೆ ಇವುಗಳನ್ನೂ ವೈದ್ಯರಿಂದ ಪರೀಕ್ಷಿಸಬೇಕು. ಇವು ಕೂಡ ಅಲಕ್ಷ್ಯದ ವೇಷದಲ್ಲಿ ಬರುವುದುಂಟು.

ಇನ್ನು ಉಪಾಯದ ಮಾತು. ಮೊದಲನೆಯದು ದೇಹದ ಚಟುವಟಿಕೆ. ಮೆದುಳಿನಲ್ಲಿ ಲಕ್ಷ್ಯವನ್ನು ಹಿಡಿದು ನಿಲ್ಲಿಸಲು ನೆರವಾಗುವ ಕೆಲವು ರಾಸಾಯನಿಕಗಳಿವೆ. ಡೋಪಮಿನ್ ಎಂಬುದು ಅವುಗಳಲ್ಲೊಂದು. ವೈದ್ಯರು ಕೊಡುವ ಔಷಧಗಳು ಇವುಗಳ ಮೇಲೆಯೇ ಕೆಲಸ ಮಾಡುತ್ತವೆ. ಬೆವರು ಬರುವಂತೆ ಮಾಡಿದ ವ್ಯಾಯಾಮವೂ ಸ್ವಲ್ಪ ಕಾಲ ಇವುಗಳನ್ನು ಚೇತರಿಸುತ್ತದೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಇಂತಹ ಮಕ್ಕಳು ಇಪ್ಪತ್ತು ನಿಮಿಷ ವ್ಯಾಯಾಮ ಮಾಡಿದ ಮೇಲೆ ಲಕ್ಷ್ಯದ ಪರೀಕ್ಷೆಯಲ್ಲಿಯೂ ಓದು ಲೆಕ್ಕಗಳಲ್ಲಿಯೂ ಮೊದಲಿಗಿಂತ ಮೇಲಾದುದು ೨೦೧೩ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಂಡುಬಂದಿದೆ. ಐದರಿಂದ ಹದಿನೇಳು ವಯಸ್ಸಿನ ಎಲ್ಲ ಮಕ್ಕಳಿಗೂ ದಿನಕ್ಕೆ ಸರಾಸರಿ ೬೦ ನಿಮಿಷಗಳ ಚುರುಕಾದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಚಂಚಲ ಮಗುವಿಗೆ ಅದರಲ್ಲಿ ಒಂದು ಪಾಲು ಶಾಲೆಗೆ ಹೋಗುವ ಮುನ್ನವೇ ದೊರೆತರೆ ಉತ್ತಮ.

ಈ ವಿಷಯದಲ್ಲಿ ನಮ್ಮ ಪ್ರದೇಶದಷ್ಟು ಭಾಗ್ಯಶಾಲಿ ಪ್ರದೇಶ ವಿರಳ. ರಾಜರ್ಷಿ ಶಾಹೂ ಮಹಾರಾಜರು ೧೯೧೨ರಲ್ಲಿ ಖಾಸಬಾಗ ಕುಸ್ತಿ ಮೈದಾನವನ್ನು ತೆರೆದರು. ಅದೇ ಮಹಾರಾಜರು ೧೯೧೭ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ತಮ್ಮ ಸಂಸ್ಥಾನದಲ್ಲಿ ಉಚಿತವೂ ಕಡ್ಡಾಯವೂ ಆಗಿ ಮಾಡಿದರು. ಶಾಲೆಗೂ ಅಖಾಡಕ್ಕೂ ವೈರವಿದೆಯೆಂದು ಆ ಪ್ರಭುವಿಗೆ ತೋರಲಿಲ್ಲ, ನಮಗೇಕೆ ತೋರಬೇಕು? ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚಿನ ಪದಕವನ್ನು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವನ್ನು ತಂದ ಖಾಶಾಬಾ ಜಾಧವರು ಕೊಲ್ಹಾಪುರದ ರಾಜಾರಾಮ ಕಾಲೇಜಿನ ವಿದ್ಯಾರ್ಥಿಗಳಾಗಿದ್ದರು. ಕನ್ನಡಿಗರಾದ ನಮಗೂ ಈ ವಿದ್ಯೆ ಹೊರಗಿನದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲರ ಆಹಾರ ವ್ಯಾಯಾಮಗಳ ವಿವರವೂ ಮಲ್ಲಸ್ತಂಭದ ಉಲ್ಲೇಖವೂ ಇವೆ.

ತಾಲೀಮು ಇಂತಹ ಮಕ್ಕಳಿಗೆ ಏಕೆ ಹಿಡಿಸುತ್ತದೆಂದು ನಾನು ವಿಚಾರ ಮಾಡಿದ್ದೇನೆ. ಅಲ್ಲಿ ವೇಳೆ ಗೊತ್ತಾಗಿದೆ. ವಸ್ತಾದರ ಮಾತು ಚಿಕ್ಕದು, ಒಂದು ಸಲಕ್ಕೆ ಒಂದೇ. ಹುಡುಗನು ತಪ್ಪಿದರೆ ಆ ಕ್ಷಣವೇ ತಿಳಿಯುತ್ತದೆ. ಸರಿಮಾಡಿದರೆ ಆ ಕ್ಷಣವೇ 'ಶಾಬಾಸ್' ಬರುತ್ತದೆ. ಸಾಮು, ಬಸ್ಕಿ, ಮಣ್ಣು ಅಗೆಯುವುದು, ಹಿಡಿತ—ಒಂದು ಮುಗಿದೊಡನೆ ಇನ್ನೊಂದು. ಸುಮ್ಮನೆ ಕೂಡುವ ಪ್ರಸಂಗವೇ ಇಲ್ಲ. ಇದರಲ್ಲಿ ನಾವು ತರಗತಿಗೆ ಕಲಿಯತಕ್ಕದ್ದು ಬಹಳವಿದೆ.

ಎಲ್ಲರೂ ಕುಸ್ತಿಗೇ ಹೋಗಬೇಕೆಂದು ನನ್ನ ಮಾತಲ್ಲ. ಗಡಹಿಂಗ್ಲಜದ ಹುಡುಗರಿಗೆ ಫುಟ್‌ಬಾಲ್ ಮನೆಯ ಆಟವೇ ಆಗಿದೆ. ಹಲಗೆಯ ಲಯಕ್ಕೆ ಹೆಜ್ಜೆ ಹಾಕುವ ಲೇಜೀಮು, ಖೋ ಖೋ, ಲಗೋರಿ, ಚಿಣಿಪಣಿ, ಸೈಕಲ್ಲು, ಹೊಲದ ಕೆಲಸ ಎಲ್ಲವೂ ಒಳ್ಳೆಯವೇ. ತಂಡದ ಆಟದಲ್ಲಿ ಸರದಿ ಕಾಯಲಾರದೆ ಜಗಳವಾಡುವ ಮಗುವಿಗೆ ಮೊದಲು ಮಲ್ಲಕಂಬ, ಈಜು ಮುಂತಾದ ಒಂಟಿ ಸಾಧನೆಗಳನ್ನು ಕಲಿಸಿ ಅನಂತರ ತಂಡಕ್ಕೆ ಸೇರಿಸಬಹುದು. ಹೆಣ್ಣುಮಕ್ಕಳಿಗೂ ಇದು ಅಷ್ಟೇ ಅವಶ್ಯ; ಅವರ ಚಡಪಡಿಕೆಗೆ ಮನೆಗೆಲಸವೇ ಸಾಕೆಂದು ಹೇಳಬೇಡಿರಿ. ಒಂದು ಎಚ್ಚರಿಕೆ ಮಾತ್ರ: ಈ ಮಕ್ಕಳು ಮುಂದಾಲೋಚನೆಯಿಲ್ಲದೆ ಧುಮುಕುವವರು. ಪಂಚಗಂಗೆಗಾಗಲಿ ಹಿರಣ್ಯಕೇಶಿಗಾಗಲಿ ಹೊಲದ ಬಾವಿಗಾಗಲಿ ದೊಡ್ಡವರ ಕಾವಲಿಲ್ಲದೆ ಕಳಿಸಬಾರದು. ರಸ್ತೆ ದಾಟುವಾಗ ಉಳಿದ ಮಕ್ಕಳಿಗಿಂತ ಹೆಚ್ಚು ಕಾಲ ಇವರ ಕೈ ಹಿಡಿಯಬೇಕು.

ಎರಡನೆಯದು ನಿದ್ರೆ. ಆರರಿಂದ ಹನ್ನೆರಡು ವರ್ಷದವರಿಗೆ ೯ ರಿಂದ ೧೨ ತಾಸು, ಹದಿಮೂರರ ಮೇಲಿನವರಿಗೆ ೮ ರಿಂದ ೧೦ ತಾಸು ನಿದ್ರೆ ಬೇಕು. ಇಚಲಕರಂಜಿಯಲ್ಲಿ ರಾತ್ರಿಪಾಳಿಯ ಮಗ್ಗದ ಸದ್ದಿನ ಪಕ್ಕದಲ್ಲಿ ಒಂದೇ ಕೋಣೆಯ ಮನೆಗಳಿವೆಯೆಂಬುದನ್ನು ನಾನು ಬಲ್ಲೆ. ಮಗ್ಗವನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಮಲಗುವ ವೇಳೆಯನ್ನು ನಿತ್ಯ ಒಂದೇ ಆಗಿ ಇಡುವುದು, ಅದಕ್ಕೆ ಒಂದು ತಾಸು ಮುಂಚೆ ಮೊಬೈಲನ್ನು ಎತ್ತಿಡುವುದು ನಮ್ಮ ಕೈಯಲ್ಲಿದೆ. ಮೊಬೈಲಿನ ಮುಂದೆ ಎರಡು ತಾಸು ಅಲುಗಾಡದೆ ಕೂಡುವನಲ್ಲ, ಅವನಿಗೆ ಯಾವ ಕೊರತೆ ಎಂದು ಕೇಳುವಿರಿ. ಅಲ್ಲಿ ಕ್ಷಣಕ್ಷಣಕ್ಕೂ ಹೊಸ ಚಿತ್ರ ಬಂದು ಮನಸ್ಸನ್ನು ತಾನೇ ಎಳೆಯುತ್ತದೆ. ಮನಸ್ಸು ತಾನಾಗಿ ನಿಲ್ಲುವುದನ್ನು ಅದರಿಂದ ಕಲಿಯುವುದಿಲ್ಲ.

ಮೂರನೆಯದು ಆಹಾರ. ಹಸಿದ ಹೊಟ್ಟೆಯಲ್ಲಿ ಬರಿಯ ಚಹಾ ಕುಡಿಸಿ ಶಾಲೆಗೆ ಕಳಿಸುವ ಪದ್ಧತಿ ನಮ್ಮಲ್ಲಿದೆ. ಊಟದೊಡನೆ ಕುಡಿದ ಚಹಾ ಆಹಾರದಲ್ಲಿಯ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಕಬ್ಬಿಣ ಕಡಿಮೆಯಾದ ಮಗುವಿಗೆ ಲಕ್ಷ್ಯವೂ ಕಡಿಮೆ. ಜೋಳದ ರೊಟ್ಟಿ, ಕಾಳಿನ ಪಲ್ಲೆ, ಸೊಪ್ಪು, ಶೇಂಗಾ, ಹಾಲು, ತಿನ್ನುವವರಿಗೆ ಮೊಟ್ಟೆ—ಇದಕ್ಕಿಂತ ದುಬಾರಿಯಾದ ಆಹಾರ ಬೇಕಿಲ್ಲ. ಸಕ್ಕರೆಯಿಂದಲೇ ಈ ಚಾಂಚಲ್ಯ ಬರುತ್ತದೆಂಬ ಮಾತು ಪರೀಕ್ಷೆಗೆ ನಿಂತಿಲ್ಲ. ಆದರೂ ಅಂಗಡಿಯ ಬಣ್ಣದ ತಿನಿಸುಗಳಿಂದ ಹಲ್ಲಿಗೂ ಹೊಟ್ಟೆಗೂ ಲಾಭವಿಲ್ಲ.

ನಾಲ್ಕನೆಯದು ಓದುವ ಕ್ರಮ. ಒಂದು ತಾಸಿನ ಅಭ್ಯಾಸವನ್ನು ಹದಿನೈದು ನಿಮಿಷದ ನಾಲ್ಕು ತುಂಡುಗಳಾಗಿ ಮಾಡಿ, ನಡುನಡುವೆ ಎದ್ದು ನೀರು ತರುವುದಕ್ಕೋ ಹತ್ತು ಬಸ್ಕಿ ಹೊಡೆಯುವುದಕ್ಕೋ ಬಿಡಿರಿ. ಮಗ್ಗಿಯನ್ನೂ ಪದ್ಯವನ್ನೂ ಅಡ್ಡಾಡುತ್ತ ಬಾಯಿಪಾಠ ಮಾಡಲಿ. 'ಪಾಟಿ ತೆಗಿ, ಕೈ ತೊಳಿ, ಅಂಗಿ ಮಡಚು' ಎಂದು ಒಂದೇ ಉಸಿರಿಗೆ ಮೂರು ಕೆಲಸ ಹೇಳದೆ ಒಂದೊಂದಾಗಿ ಹೇಳಿರಿ. ಮಾಡಿದ್ದನ್ನು ಕೂಡಲೇ ಮೆಚ್ಚಿರಿ. ಸಂಜೆಯವರೆಗೆ ಕಾದ ಹೊಗಳಿಕೆ ಇವರನ್ನು ಮುಟ್ಟುವುದಿಲ್ಲ. ಅಧ್ಯಾಪಕ ಬಂಧುಗಳು ಇವರನ್ನು ಮುಂದಿನ ಸಾಲಿನಲ್ಲಿ ಕೂಡಿಸಿ, ಫಳಾ ಒರೆಸುವ, ವಹಿಗಳನ್ನು ಹಂಚುವ ಕೆಲಸವನ್ನು ಇವರಿಗೇ ಕೊಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಒತ್ತಿ ಹೇಳಬೇಕು. ಆಟ, ನಿದ್ರೆ, ಆಹಾರಗಳು ಚಿಕಿತ್ಸೆಗೆ ಜೊತೆಯೇ ಹೊರತು ಬದಲಲ್ಲ. ಕೆಲವು ಮಕ್ಕಳಿಗೆ ಪಾಲಕರ ನಡೆ ಬದಲಾದರೆ ಸಾಕಾಗುತ್ತದೆ. ಕೆಲವರಿಗೆ ಔಷಧವೇ ಬೇಕಾಗುತ್ತದೆ. ಅದನ್ನು ನಿರ್ಣಯಿಸುವವರು ವೈದ್ಯರು. ನಾನೂ ಅಲ್ಲ, ನೆರೆಮನೆಯವರೂ ಅಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆಗೆ ಬಂದಾಗ ಮಗುವನ್ನು ತೋರಿಸಬಹುದು. ಕೊಲ್ಹಾಪುರದಲ್ಲಿ ಸಿಪಿಆರ್ ಸರಕಾರಿ ಆಸ್ಪತ್ರೆಯಿದೆ. ಕನ್ನಡದಲ್ಲಿಯೇ ಮನಬಿಚ್ಚಿ ಹೇಳಬೇಕೆನ್ನುವವರಿಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗಳಿವೆ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ ೧೪೪೧೬ ಸಂಖ್ಯೆಯಲ್ಲಿ ದೂರವಾಣಿ ಮಾಡಿದರೆ ಹಣವಿಲ್ಲದೆ ಸಲಹೆ ದೊರೆಯುತ್ತದೆ. ಮನೋವೈದ್ಯರ ಬಳಿ ಹೋದರೆ ಮಗುವಿಗೆ 'ಹುಚ್ಚ'ನೆಂಬ ಹೆಸರು ಬಂದೀತೆಂದು ಅಂಜಬೇಡಿರಿ. ಈಜಿನಲ್ಲಿ ೨೩ ಬಂಗಾರದ ಪದಕಗಳೊಡನೆ ಒಟ್ಟು ೨೮ ಒಲಿಂಪಿಕ್ ಪದಕಗಳನ್ನು ಗೆದ್ದ ಮೈಕೇಲ್ ಫೆಲ್ಪ್ಸರಿಗೆ ಈ ತೊಡಕು ಇರುವುದು ಗೊತ್ತಾದದ್ದು ಒಂಬತ್ತನೆಯ ವಯಸ್ಸಿನಲ್ಲಿ. ಅವರ ತಾಯಿ ನಮ್ಮಂತೆಯೇ ಶಿಕ್ಷಕಿಯಾಗಿದ್ದರು.

ನಮ್ಮ ಮಕ್ಕಳೆಲ್ಲರೂ ಫೆಲ್ಪ್ಸರಾಗಲಾರರು, ಆಗಬೇಕಾಗಿಯೂ ಇಲ್ಲ. ನಾಲ್ಕು ವರ್ಷಗಳ ಹಿಂದೆ ನನ್ನ ತರಗತಿಗೆ ಇಂತಹ ಇನ್ನೊಬ್ಬ ಹುಡುಗನು ಬಂದನು. ಈ ಸಲ ಪಾಲಕರನ್ನು ಕರೆಯಿಸಿ ಮಾತನಾಡಿದೆನು. ಅವರು ವೈದ್ಯರ ಬಳಿಗೆ ಹೋದರು. ಬೆಳಿಗ್ಗೆ ಫುಟ್‌ಬಾಲ್, ರಾತ್ರಿ ಒಂಬತ್ತಕ್ಕೆ ನಿದ್ರೆ, ವೈದ್ಯರು ಹೇಳಿದಷ್ಟು ಕಾಲ ಔಷಧ. ತರಗತಿಯಲ್ಲಿ ಎರಡು ಸಲ ಎದ್ದು ಹೊರಗೆ ಹೋಗಿಬರಲು ಅಪ್ಪಣೆ. ಅವನು ಹತ್ತನೆಯ ಇಯತ್ತೆಯನ್ನು ಎರಡನೆಯ ದರ್ಜೆಯಲ್ಲಿ ಮುಗಿಸಿ ಮುಂದೆ ಓದುತ್ತಿದ್ದಾನೆ. ಈಗಲೂ ಪೆನ್ನನ್ನು ಕಳೆಯುತ್ತಾನೆ. ಆದರೆ ಶಾಲೆಯನ್ನು ಬಿಡಲಿಲ್ಲ.

ಕೊನೆಗೆ ಆ ಮೊದಲಿನ ಹುಡುಗನ ಮಾತು. ಕಳೆದ ಬೇಸಿಗೆಯಲ್ಲಿ ಇಚಲಕರಂಜಿಯ ಬಸ್ ನಿಲ್ದಾಣದಲ್ಲಿ ಒಬ್ಬ ಗೃಹಸ್ಥನು ಬಂದು ಕಾಲು ಮುಟ್ಟಿ ನಮಸ್ಕರಿಸಿದನು. ಅವನೇ. ಕೈ ಹಿಡಿದುಕೊಂಡಿದ್ದ ಮಗನು ಆ ಐದು ನಿಮಿಷದಲ್ಲಿ ಮೂರು ಸಲ ಕೈ ಬಿಡಿಸಿಕೊಂಡು ಓಡಿದನು. "ಇವನೂ ನನ್ನಂಗನ ಆಗ್ಯಾನ್ರಿ ಸರ್" ಎಂದು ಅವನು ನಕ್ಕನು. ಹಿಂದಿನದಕ್ಕಾಗಿ ನಾನು ಕ್ಷಮೆ ಕೇಳಿದೆನು. ಅವನಿಗೆ ಅರ್ಥವಾಗಲಿಲ್ಲ. "ನಿಮ್ಮದೇನ್ ತಪ್ಪದರಿ? ನಾನ ಉಡಾಳ ಇದ್ದೆ" ಎಂದನು. ಇಪ್ಪತ್ತು ವರ್ಷ ಅವನು ಹಾಗೆಯೇ ತಿಳಿದುಕೊಂಡು ಬಾಳಿದ್ದನು. ಅವನು ಬಯ್ದಿದ್ದರೆ ನನ್ನ ಭಾರ ಕಡಿಮೆಯಾಗುತ್ತಿತ್ತು. ವೈದ್ಯರ ವಿಳಾಸವನ್ನು ಬರೆದುಕೊಟ್ಟೆನು; ಮಗನನ್ನು ಬೆಳಿಗ್ಗೆ ತಾಲೀಮಿಗೆ ಕಳಿಸಲು ಹೇಳಿದೆನು; ಶಾಲೆಯಲ್ಲಿ ಯಾರಾದರೂ ಅವನ ಆಟದ ತಾಸನ್ನು ಕಸಿದುಕೊಂಡರೆ ನನಗೆ ತಿಳಿಸಬೇಕೆಂದೂ ಹೇಳಿದೆನು.

ಬಂಧುಗಳೇ, ತಮ್ಮಲ್ಲಿ ನನ್ನ ಬೇಡಿಕೆ ಎರಡೇ. ಅಧ್ಯಾಪಕರಾದವರು ಯಾವ ತಪ್ಪಿಗಾಗಿಯೂ ಯಾವ ಮಗುವಿನ ಆಟದ ತಾಸನ್ನೂ ಕಳೆಯಬಾರದು. ನಮ್ಮ ಸಂಘವು ಭಾನುವಾರದ ಕನ್ನಡ ವರ್ಗಗಳಲ್ಲಿ ಮೊದಲ ಅರ್ಧ ತಾಸನ್ನು ಬಯಲಿನ ಆಟಕ್ಕೆ ಮೀಸಲಿಡಬೇಕು. ಆಟದ ಮಾತು ಕನ್ನಡದಲ್ಲಿಯೇ ನಡೆಯಲಿ. ಓಡಿ ಬಂದ ಮಗು ಅಕ್ಷರವನ್ನು ಹೆಚ್ಚು ಚೆನ್ನಾಗಿ ಬರೆಯುವುದನ್ನು ತಾವೇ ಕಾಣುವಿರಿ.

ಮಕ್ಕಳು ನಡುವೆ ಎದ್ದು ಹೊರಗೆ ಹೋಗಿ ಆಡುತ್ತಿದ್ದಾರೆ. ಅವರನ್ನು ಈಗಲೇ ಒಳಗೆ ಕರೆಯಬೇಡಿರಿ.